ಶಾಲಾ ಅನುದಾನ ಮತ್ತು ಶಿಕ್ಷಕರ ಒಗ್ಗಟ್ಟು

ವಿದ್ಯಾದಾನವು ಶ್ರೇಷ್ಠವೆಂಬ ಮಾತು ನಮ್ಮ ನಾಡಿನಲ್ಲಿ ಬಹು ಹಳೆಯದು. ಆದರೆ ಶಾಲೆಗೆ ಸರಕಾರವು ಕೊಡುವ ಹಣವನ್ನು ದಾನವೆಂದು ಬಗೆಯುವುದು ಯುಕ್ತವಲ್ಲ. ಜನರು ತೆರಿಗೆಯಾಗಿ ಸಲ್ಲಿಸಿದುದು ಅವರ ಮಕ್ಕಳ ಪಾಠವಾಗಿ ಮರಳುವುದಕ್ಕೇ ಅನುದಾನವೆಂದು ಹೆಸರು. ಅದನ್ನು ಉಳಿಸಿಕೊಳ್ಳುವ ಶಿಕ್ಷಕರ ಹೋರಾಟವನ್ನು ಈ ದೃಷ್ಟಿಯಿಂದಲೇ ನೋಡಬೇಕು.

ಅನುದಾನ ಪದ್ಧತಿಗೆ ಬುನಾದಿ ಬಿದ್ದುದು 1854ರ ಚಾರ್ಲ್ಸ್ ವುಡ್‌ರ ಶಿಕ್ಷಣ ನಿರೂಪದಿಂದ. ಸಮಾಜವು ಶಾಲೆ ಕಟ್ಟಬೇಕು, ಸರಕಾರವು ನೆರವಾಗಬೇಕು, ಶಾಲೆಯು ತಪಾಸಣೆಗೆ ಒಳಪಡಬೇಕು ಎಂಬುದು ಅದರ ಸಾರ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿಯೂ, ಡಾ. ಫ. ಗು. ಹಳಕಟ್ಟಿಯವರು ಕಟ್ಟಿದ ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿಯೂ, ಏಳು ಮಂದಿ ಯುವ ಶಿಕ್ಷಕರು ಕಟ್ಟಿದ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿಯೂ ಹುಟ್ಟಿದವು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅನುದಾನ ಪದ್ಧತಿ ಮುಂದುವರಿಯಿತು.

ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ವೇತನವನ್ನು ಸರಕಾರ ಭರಿಸುತ್ತದೆ. ಕಟ್ಟಡವೇ ಮೊದಲಾದ ಹೊಣೆ ಸಂಸ್ಥೆಯದು. ಶಿಕ್ಷಕರು ನಿವೃತ್ತರಾದಾಗ ಆ ಸ್ಥಾನವನ್ನು ತುಂಬಲು ಸರಕಾರದ ಅನುಮತಿ ಬೇಕು. ಅನುಮತಿ ತಡೆದರೆ ಶಾಲೆಯು ಹೆಸರಿಗೆ ಮಾತ್ರ ಅನುದಾನಿತವಾಗಿ ಉಳಿಯುತ್ತದೆ. ಆಗ ಸಂಸ್ಥೆಯು ಅಲ್ಪ ಸಂಬಳಕ್ಕೆ ತಾತ್ಪೂರ್ತಿಕ ಶಿಕ್ಷಕರನ್ನು ನೇಮಿಸಬೇಕು, ಇಲ್ಲವೆ ಪಾಲಕರಿಂದ ಹಣ ಕೇಳಬೇಕು. ಆ ಭಾರ ಬೀಳುವುದು ರಬಕವಿ-ಬನಹಟ್ಟಿಯ ನೇಕಾರನ ಮೇಲೆ, ಮುಧೋಳ ಜಮಖಂಡಿಗಳ ಕಬ್ಬಿನ ಗದ್ದೆಯ ಕೂಲಿಕಾರನ ಮೇಲೆ, ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಬೀಳಗಿಯ ರೈತನ ಮೇಲೆ.

ಶಿಕ್ಷಕರಿಗೆ ಸಂವಿಧಾನವು ವಿಶೇಷ ಧ್ವನಿಯನ್ನು ಕೊಟ್ಟಿದೆ. 171ನೆಯ ವಿಧಿಯಂತೆ ವಿಧಾನ ಪರಿಷತ್ತಿನ ಹನ್ನೆರಡನೆಯ ಒಂದು ಭಾಗದಷ್ಟು ಸದಸ್ಯರನ್ನು ಶಿಕ್ಷಕರೇ ಆರಿಸುತ್ತಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕೂಡಿ ವಾಯವ್ಯ ಶಿಕ್ಷಕರ ಕ್ಷೇತ್ರವಾಗಿದೆ. ಆದರೆ ಆರು ವರ್ಷಕ್ಕೊಮ್ಮೆ ಹಾಕುವ ಮತ ಮಾತ್ರ ಸಾಲದು. ಸರಕಾರಿ, ಅನುದಾನಿತ, ಅನುದಾನರಹಿತ ಎಂಬ ಭೇದ ಒಂದೆಡೆ. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೊಂದು, ಅನಂತರದವರಿಗೊಂದು ಪಿಂಚಣಿ ಎಂಬ ಭೇದ ಇನ್ನೊಂದೆಡೆ. ಪ್ರತಿಯೊಬ್ಬರೂ ತಮ್ಮ ಬೇಡಿಕೆಯನ್ನಷ್ಟೇ ಹಿಡಿದು ನಿಂತರೆ ಯಾರ ಧ್ವನಿಯೂ ಗಟ್ಟಿಯಾಗದು.

ಒಗ್ಗಟ್ಟಿನ ಬಲಕ್ಕೆ ದೂರದ ನಿದರ್ಶನವೊಂದುಂಟು. 2018ರಲ್ಲಿ ಅಮೇರಿಕೆಯ ವೆಸ್ಟ್ ವರ್ಜೀನಿಯ ರಾಜ್ಯದ 55 ಕೌಂಟಿಗಳ ಶಿಕ್ಷಕರೂ ಶಾಲಾ ಸಿಬ್ಬಂದಿಯೂ ಒಟ್ಟಾಗಿ ಮುಷ್ಕರ ಹೂಡಿದರು. ಶಾಲೆಯ ಊಟವನ್ನೇ ನಂಬಿದ ಮಕ್ಕಳು ಹಸಿದಿರಬಾರದೆಂದು ಅವರಿಗೆ ಆಹಾರವನ್ನೂ ಒದಗಿಸಿದರು. ತಮಗಷ್ಟೇ ಅಲ್ಲದೆ ರಾಜ್ಯದ ನೌಕರರೆಲ್ಲರಿಗೂ ಶೇಕಡಾ 5ರ ವೇತನ ಹೆಚ್ಚಳ ದೊರೆತ ಮೇಲೆಯೇ ತರಗತಿಗೆ ಮರಳಿದರು. ಮಗುವಿನ ಹಸಿವನ್ನು ಮರೆಯದ ಹೋರಾಟಕ್ಕೆ ಪಾಲಕರ ಬೆಂಬಲ ದೊರೆಯಿತು.

ರಾಷ್ಟ್ರೀಯ ಆದಾಯದ ಶೇಕಡಾ 6ನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಹೇಳಿತು. 2020ರ ಶಿಕ್ಷಣ ನೀತಿಯೂ ಆ ಗುರಿಯನ್ನೇ ಪುನರುಚ್ಚರಿಸಿತು. ಗುರಿ ಇನ್ನೂ ಕೈಗೂಡಿಲ್ಲ. ಬೋಧನೆ ಶಿಕ್ಷಕರ ಕಾಯಕವಾದರೆ, ಶಾಲೆಯ ಬಾಗಿಲು ಬಡವನ ಮಗುವಿಗೆ ಮುಚ್ಚದಂತೆ ಕಾಯುವುದು ಅವರ ದಾಸೋಹ. ಖಾಲಿ ಹುದ್ದೆಯನ್ನು ತುಂಬಿರೆಂದು ಶಿಕ್ಷಕರೂ ಪಾಲಕರೂ ಆಡಳಿತ ಮಂಡಳಿಯವರೂ ಒಕ್ಕೊರಲಿನಿಂದ ಕೇಳಿದಾಗ ಆ ಬೇಡಿಕೆ ಊರಿನ ಬೇಡಿಕೆಯಾಗುತ್ತದೆ; ಅದನ್ನು ಬದಿಗೊತ್ತುವುದು ಯಾವ ಸರಕಾರಕ್ಕೂ ಸುಲಭವಲ್ಲ.