ಅಜ್ಜಿಯ ಸತ್ಯವೇದ, ಮೊಮ್ಮಗನ ಲೋಕಲ್



ಕಲ್ಯಾಣದಲ್ಲಿ ಹುಟ್ಟಿ, ಡೊಂಬಿವಲಿಯಲ್ಲಿ ಬೆಳೆದು, ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಗೆ ಕೆಲಸಕ್ಕೆ ಹೋಗುವ ನಿಮ್ಮಲ್ಲಿ ಕ್ರೈಸ್ತ ಮನೆತನದವರೂ ಅನೇಕರಿದ್ದೀರಿ. ಇಂದಿನ ಮಾತು ಮುಖ್ಯವಾಗಿ ನಿಮ್ಮೊಡನೆ. ಉಳಿದವರೂ ಓದಿರಿ. ಹಿರಿಯರ ಭಕ್ತಿಯನ್ನು ತನ್ನದಾಗಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಎಲ್ಲ ಮನೆಗಳದೂ ಆಗಿದೆ.

ನಮ್ಮ ಮನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ. ಗದಗ-ಬೆಟಗೇರಿಯಿಂದ ಬಂದಿದ್ದ ನನ್ನ ಅವ್ವ ಡೊಂಬಿವಲಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ ನನ್ನ ಮಗನನ್ನು ಕರೆದು 23ನೆಯ ಕೀರ್ತನೆ ಓದಲು ಹೇಳಿದರು. ಅವನು ಇಂಗ್ಲಿಷಿನಲ್ಲಿ ಸೊಗಸಾಗಿ ಓದಿದ. ಅವ್ವ ಕಣ್ಣು ಮುಚ್ಚಿ ಕೇಳಿ, "ಛಲೋ ಓದಿದಿ ಮಗಾ. ಇನ್ನ ನನ್ನ ಸತ್ಯವೇದದಾಗಿಂದು ಓದು" ಎಂದರು. ಅವನು ಪುಸ್ತಕ ತೆರೆದು ಸುಮ್ಮನೆ ಕುಳಿತ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ ಹುಡುಗನಿಗೆ ಅಕ್ಷರ ಬರುತ್ತಿರಲಿಲ್ಲ. ಕೀರ್ತನೆಯ ಆರು ವಚನಗಳನ್ನೂ ಅವ್ವ ತಾವೇ ಬಾಯಿಪಾಠವಾಗಿ ಹೇಳಿದರು. ತಪ್ಪು ಅವನದಲ್ಲ, ಕಲಿಸದೆ ಬಿಟ್ಟ ನನ್ನದು.

"ದೇವರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಂಚಾಶತ್ತಮ ದಿನದಂದು ನಾನಾ ದೇಶದ ಜನರು ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಭಾಷೆಯಲ್ಲೇ ಕೇಳಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಆದ್ದರಿಂದ ಯಾವ ಭಾಷೆಯೂ ಕೀಳಲ್ಲ, ಯಾವುದೂ ಹೆಚ್ಚಲ್ಲ. ಆದರೆ ನಿಮ್ಮ ಮನೆಗೆ ಈ ವಿಶ್ವಾಸ ಬಂದದ್ದು ಕನ್ನಡದ ಮೂಲಕ. ನಿಮ್ಮ ತಂದೆತಾಯಿ ದುಃಖದಲ್ಲಿ ಅತ್ತದ್ದು, ನೀವು ಹುಟ್ಟಿದಾಗ ಸ್ತೋತ್ರ ಹೇಳಿದ್ದು ಆ ಭಾಷೆಯಲ್ಲೇ. ಆ ಬಾಗಿಲು ಮುಚ್ಚಿದರೆ ಅವರ ಅನುಭವದ ಭಂಡಾರವೂ ನಿಮಗೆ ಮುಚ್ಚಿಹೋಗುತ್ತದೆ.

ಆ ಭಂಡಾರ ಸಣ್ಣದಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಸಿದರು. ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಅದೇ ವರ್ಷ ಫರ್ಡಿನಂಡ್ ಕಿಟೆಲ್ ಎಂಬ ಜರ್ಮನ್ ತರುಣರು ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಸುಮಾರು 21, ಬಹುಶಃ ನಿಮ್ಮದೇ ವಯಸ್ಸು! ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ.

ಇವರು ಬಂದದ್ದು ಸುವಾರ್ತೆ ಸಾರಲು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೋಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಕಿಟೆಲರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. ತನ್ನ ವಿಶ್ವಾಸದಲ್ಲಿ ಬೇರೂರಿದವನು ನೆರೆಯವನ ಮನೆಯ ಗ್ರಂಥವನ್ನು ಗೌರವದಿಂದ ಓದಬಲ್ಲನು. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ವಚನ ಹಾಡುವ ಗೆಳತಿಯ ಪಕ್ಕದಲ್ಲಿ ನೀವು ಅಳುಕಿಲ್ಲದೆ ನಿಲ್ಲಬಹುದು.

ಹಾಗಾದರೆ ಭಾಷೆ ಕಲಿತರೆ ಸಾಕೇ? ಸಾಲದು. ಸತ್ಯವೇದದಲ್ಲಿ ತಿಮೊಥೆಯನೆಂಬ ಯುವಕನಿದ್ದಾನೆ. ತಂದೆ ಗ್ರೀಕನು, ತಾಯಿ ಯೆಹೂದ್ಯಳು. ನಿಮ್ಮ ಹಾಗೆಯೇ ಎರಡು ಲೋಕಗಳ ನಡುವೆ ಬೆಳೆದವನು. ಅವನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ನೆನಪಿಸುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ನಿನಗೆ ದೊರೆತ ವರವನ್ನು ನೀನೇ ಪ್ರಜ್ವಲಗೊಳಿಸು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಅಜ್ಜಿ ಕೆಂಡ ಕೊಡಬಲ್ಲಳು, ಊದುವ ಉಸಿರು ನಮ್ಮದೇ ಆಗಬೇಕು. ಬಂಡೆನೆಲದಲ್ಲಿ ಬಿದ್ದ ಬೀಜ ಬೇಗನೆ ಮೊಳೆತು, ಬೇರಿಲ್ಲದೆ ಒಣಗಿದ ಸಾಮ್ಯವನ್ನು ಸಂಡೇ ಸ್ಕೂಲಿನಲ್ಲಿ ಕೇಳಿದ್ದೀರಿ. ಕ್ರಿಸ್ಮಸ್ ಕ್ಯಾರಲ್‌ಗಳ ಉತ್ಸಾಹ ಜನವರಿಯಲ್ಲಿ ಎಲ್ಲಿರುತ್ತದೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಸಮಯವಿಲ್ಲ ಎನ್ನುವಿರಿ. ಲೋಕಲ್ ಗಾಡಿಯ ನೂಕುನುಗ್ಗಲು ನನಗೂ ಗೊತ್ತು. ಮಾರ್ಕನ ಸುವಾರ್ತೆಗೆ ಹದಿನಾರೇ ಅಧ್ಯಾಯ. ದಿನಕ್ಕೊಂದರಂತೆ ಹದಿನಾರು ದಿನಗಳ ಪ್ರಯಾಣ. ಪುಸ್ತಕ ಬಿಡಿಸಲು ಜಾಗವಿಲ್ಲದಿದ್ದರೆ ಮೊಬೈಲಿನಲ್ಲಿ ಓದಿ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳು. ದಿನಕ್ಕೊಂದು ಕಲಿತರೂ ಎರಡು ತಿಂಗಳೊಳಗೆ ಮುಗಿಯುತ್ತದೆ. ಕಾಗುಣಿತಕ್ಕೆ ಇನ್ನಷ್ಟು ದಿನ ಹಿಡಿಯಲಿ. ಅರ್ಥವಾಗದ ಪದವನ್ನು ಮನೆಯ ಹಿರಿಯರಿಗೆ ಕೇಳಿ. ಪದದ ನೆಪದಲ್ಲಿ ಅವರು ತಮ್ಮ ಜೀವನವನ್ನೇ ಹೇಳಿಯಾರು. ಸಂಶಯಗಳಿದ್ದರೆ ಅವುಗಳನ್ನೂ ಸಭಾಪಾಲಕರ ಮುಂದೆ ಇಡಿ. ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ಕೇಳದೆ ಮೆಲ್ಲನೆ ದೂರ ಸರಿಯುವುದೇ ಅಪಾಯ. ಕೊನೆಯದಾಗಿ, ಓದಿದ್ದು ಕೈಗೆ ಇಳಿಯಲಿ. ನಿಮ್ಮ ಕಟ್ಟಡದಲ್ಲಿ ಒಂಟಿಯಾಗಿರುವ ಮುದುಕರಿಗೆ ಔಷಧಿ ತಂದುಕೊಡುವುದೂ ಆರಾಧನೆಯೇ.

ನನ್ನ ಮಗ ಅಕ್ಷರ ಕಲಿತ. ಆದರೆ ಅವನು ಕೂಡಿಸಿ ಓದುವಷ್ಟರಲ್ಲಿ ಅವ್ವ ನಮ್ಮೊಡನಿರಲಿಲ್ಲ. ಈಗ ಭಾನುವಾರ ರಾತ್ರಿ ಊಟಕ್ಕೆ ಮೊದಲು ಅವನೇ ಆ ಹಳೆಯ ಸತ್ಯವೇದವನ್ನು ತೆರೆದು, ತಡವರಿಸುತ್ತ, ಒತ್ತಕ್ಷರ ಬಂದಲ್ಲಿ ನಿಂತು ಓದುತ್ತಾನೆ. ಅಂಚಿನಲ್ಲಿ ಅವ್ವ ಪೆನ್ಸಿಲಿನಿಂದ ಮಾಡಿದ ಗುರುತುಗಳಿವೆ. ಕೆಲವು ಕಡೆ ಅವನು "ಇಲ್ಲಿ ಅಜ್ಜಿ ಯಾಕೆ ಗೆರೆ ಎಳೆದಳು?" ಎಂದು ಕೇಳುತ್ತಾನೆ. ನನಗೂ ಉತ್ತರ ಗೊತ್ತಿಲ್ಲ.

ನಿಮ್ಮ ಮನೆಯಲ್ಲಿ ಉತ್ತರ ಹೇಳುವವರು ಇನ್ನೂ ಇದ್ದಾರೆ. ಇಂದು ಸಂಜೆಯೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.