ನಿಯಂತ್ರಣ ನಕ್ಷೆ

ನಿಯಂತ್ರಣ ನಕ್ಷೆ ಅಥವಾ ಕಂಟ್ರೋಲ್ ಚಾರ್ಟ್ ಎಂಬುದು ಉತ್ಪಾದನೆಯಲ್ಲಿ ಅಥವಾ ಸೇವೆಯಲ್ಲಿ ಕಂಡುಬರುವ ಏರಿಳಿತಗಳು ಸಹಜವಾದವೇ ಅಥವಾ ಅವುಗಳ ಹಿಂದೆ ಪ್ರತ್ಯೇಕ ಕಾರಣವೊಂದಿದೆಯೇ ಎಂಬುದನ್ನು ನಿರ್ಧರಿಸಲು ಬಳಸುವ ಸಂಖ್ಯಾಶಾಸ್ತ್ರೀಯ ಸಾಧನ. ಇದನ್ನು ಅಮೆರಿಕದ ವಾಲ್ಟರ್ ಎ. ಶೂಹಾರ್ಟ್ 1924ರಲ್ಲಿ ರೂಪಿಸಿದರು.

ಹಿನ್ನೆಲೆ

ಭೌತವಿಜ್ಞಾನದಲ್ಲಿ ತರಬೇತಿ ಪಡೆದಿದ್ದ ಶೂಹಾರ್ಟ್ 1918ರಲ್ಲಿ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯನ್ನು ಸೇರಿದರು. ಆ ಕಾಲದಲ್ಲಿ ಗುಣಮಟ್ಟ ನಿಯಂತ್ರಣವೆಂದರೆ ಸಿದ್ಧವಾದ ವಸ್ತುಗಳನ್ನು ಪರೀಕ್ಷಿಸಿ ದೋಷವುಳ್ಳವನ್ನು ಬೇರ್ಪಡಿಸುವುದಷ್ಟೇ ಆಗಿತ್ತು. 1924ರ ಮೇ 16ರಂದು ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಕಳುಹಿಸಿದ ಸುಮಾರು ಒಂದು ಪುಟದ ಟಿಪ್ಪಣಿಯಲ್ಲಿ ಈ ನಕ್ಷೆಯ ಮೊದಲ ರೂಪವಿತ್ತು. 1931ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಈ ವಿಚಾರವನ್ನು ವಿಸ್ತಾರವಾಗಿ ಪ್ರತಿಪಾದಿಸಿದರು.

ಎರಡು ಬಗೆಯ ಏರಿಳಿತ

ಒಂದೇ ಯಂತ್ರದಿಂದ ಹೊರಬರುವ ಎರಡು ವಸ್ತುಗಳು ಕೂಡ ಸಂಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಕಚ್ಚಾವಸ್ತು, ಉಷ್ಣತೆ, ಯಂತ್ರದ ಕಂಪನ ಮುಂತಾದ ಅನೇಕ ಸಣ್ಣ ಪ್ರಭಾವಗಳಿಂದ ಉಂಟಾಗುವ ಏರಿಳಿತ ವ್ಯವಸ್ಥೆಯಲ್ಲೇ ಅಡಗಿರುತ್ತದೆ. ಇದನ್ನು ಸಾಮಾನ್ಯ ಕಾರಣದ ಏರಿಳಿತ ಎನ್ನುತ್ತಾರೆ. ಸವೆದ ಬಿಡಿಭಾಗ, ತಪ್ಪಾಗಿ ಜೋಡಿಸಿದ ಅಚ್ಚು ಮುಂತಾದ ನಿರ್ದಿಷ್ಟ ಘಟನೆಯಿಂದ ಉಂಟಾಗುವುದು ವಿಶೇಷ ಕಾರಣದ ಏರಿಳಿತ. ಮೊದಲನೆಯದನ್ನು ಕಡಿಮೆ ಮಾಡಲು ವ್ಯವಸ್ಥೆಯನ್ನೇ ಬದಲಿಸಬೇಕು. ಎರಡನೆಯದಕ್ಕೆ ಆ ಕಾರಣವನ್ನು ಹುಡುಕಿ ನಿವಾರಿಸಿದರೆ ಸಾಕು. ಒಂದನ್ನು ಇನ್ನೊಂದೆಂದು ಭಾವಿಸಿದಾಗ ಶ್ರಮವೂ ಹಣವೂ ವ್ಯರ್ಥವಾಗುತ್ತವೆ.

ರಚನೆ

ಉದಾಹರಣೆಗೆ, 500 ಮಿಲಿಲೀಟರ್ ಹಾಲಿನ ಪೊಟ್ಟಣಗಳನ್ನು ತುಂಬುವ ಯಂತ್ರವೊಂದನ್ನು ಊಹಿಸಬಹುದು. ಗಂಟೆಗೊಮ್ಮೆ 4 ಪೊಟ್ಟಣಗಳ ಮಾದರಿಯನ್ನು ತೆಗೆದು, ಅವುಗಳ ಸರಾಸರಿಯನ್ನೂ ವ್ಯಾಪ್ತಿಯನ್ನೂ, ಅಂದರೆ ಗರಿಷ್ಠ ಮತ್ತು ಕನಿಷ್ಠ ಅಳತೆಗಳ ನಡುವಿನ ಅಂತರವನ್ನೂ, ದಾಖಲಿಸಲಾಗುತ್ತದೆ. ಇಂತಹ 20ರಿಂದ 25 ಮಾದರಿಗಳ ಒಟ್ಟು ಸರಾಸರಿ 500 ಮತ್ತು ಸರಾಸರಿ ವ್ಯಾಪ್ತಿ 8.2 ಮಿಲಿಲೀಟರ್ ಆಗಿದ್ದರೆ, 4ರ ಮಾದರಿಗೆ ನಿಗದಿಯಾದ 0.729 ಎಂಬ ಸ್ಥಿರಾಂಕದಿಂದ 8.2ನ್ನು ಗುಣಿಸಿದಾಗ ಸುಮಾರು 6 ದೊರೆಯುತ್ತದೆ. ಆದ್ದರಿಂದ ಮಧ್ಯರೇಖೆ 500, ಮೇಲಿನ ನಿಯಂತ್ರಣ ಮಿತಿ 506, ಕೆಳಗಿನ ಮಿತಿ 494. ಈ ಮಿತಿಗಳು ಮಾದರಿ ಸರಾಸರಿಯ ಮಾನಕ ವಿಚಲನೆಯ 3 ಪಟ್ಟು ದೂರದಲ್ಲಿರುತ್ತವೆ. ಅಳತೆಗಳು ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸಿದರೆ, ವಿಶೇಷ ಕಾರಣವಿಲ್ಲದಿರುವಾಗ 10,000 ಬಿಂದುಗಳಲ್ಲಿ ಸುಮಾರು 27 ಮಾತ್ರ ಮಿತಿಯನ್ನು ದಾಟುತ್ತವೆ.

ಮಿತಿಯೊಳಗಿನ ಬಿಂದುಗಳೂ ಸೂಚನೆ ನೀಡಬಲ್ಲವು. ಸತತವಾಗಿ 8 ಬಿಂದುಗಳು ಮಧ್ಯರೇಖೆಯ ಒಂದೇ ಬದಿಯಲ್ಲಿ ಬಿದ್ದರೆ ಪ್ರಕ್ರಿಯೆಯ ಸರಾಸರಿ ಸರಿದಿರುವ ಸಾಧ್ಯತೆ ಹೆಚ್ಚು.

ನಿಯಂತ್ರಣ ಮಿತಿ ಮತ್ತು ನಿರ್ದಿಷ್ಟತೆಯ ಮಿತಿ

ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲಕ್ಕೊಳಗಾಗುವುದು ಇಲ್ಲಿ. ನಿರ್ದಿಷ್ಟತೆಯ ಮಿತಿಯನ್ನು ಗ್ರಾಹಕರು, ವಿನ್ಯಾಸಕಾರರು ಅಥವಾ ಕಾನೂನು ನಿಗದಿಪಡಿಸುತ್ತದೆ. ಅದು ಬಿಡಿ ವಸ್ತುವಿಗೆ ಅನ್ವಯಿಸುತ್ತದೆ. ನಿಯಂತ್ರಣ ಮಿತಿಯನ್ನು ಪ್ರಕ್ರಿಯೆಯ ಅಳತೆಗಳಿಂದಲೇ ಲೆಕ್ಕಹಾಕಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಅನ್ವಯಿಸುವುದು ಮಾದರಿಯ ಸರಾಸರಿಗೆ. ಹೀಗಾಗಿ ಪ್ರಕ್ರಿಯೆಯೊಂದು ಪೂರ್ಣ ನಿಯಂತ್ರಣದಲ್ಲಿದ್ದೂ ದೋಷಯುಕ್ತ ವಸ್ತುಗಳನ್ನೇ ಸ್ಥಿರವಾಗಿ ಉತ್ಪಾದಿಸುತ್ತಿರಬಹುದು.

ಅನಗತ್ಯ ಹೊಂದಾಣಿಕೆ

ಮೇಲಿನ ಯಂತ್ರದಲ್ಲಿ ಬಿಡಿ ಪೊಟ್ಟಣಗಳ ಮಾನಕ ವಿಚಲನೆ ಸುಮಾರು 4 ಮಿಲಿಲೀಟರ್. ಪೊಟ್ಟಣವೊಂದರಲ್ಲಿ 3 ಮಿಲಿಲೀಟರ್ ಕಡಿಮೆಯಾದ ಕೂಡಲೇ ಯಂತ್ರವನ್ನು 3ರಷ್ಟು ಏರಿಸುವುದು, ಹೆಚ್ಚಾದ ಕೂಡಲೇ ಅಷ್ಟೇ ಇಳಿಸುವುದು ಜಾಗರೂಕತೆಯಂತೆ ಕಾಣುತ್ತದೆ. ಆದರೆ ಸ್ಥಿರವಾದ ಪ್ರಕ್ರಿಯೆಯಲ್ಲಿ ಪ್ರತಿ ಪೊಟ್ಟಣದ ಬಳಿಕ ಹೀಗೆ ಮಾಡಿದರೆ, ಹಿಂದಿನ ಆಕಸ್ಮಿಕ ವ್ಯತ್ಯಾಸ ಮುಂದಿನದಕ್ಕೆ ಸೇರಿಕೊಂಡು ವಿಚಲನೆಯ ವರ್ಗ ಇಮ್ಮಡಿಯಾಗುತ್ತದೆ. ಮಾನಕ ವಿಚಲನೆ 4ರಿಂದ ಸುಮಾರು 5.7ಕ್ಕೆ ಏರುತ್ತದೆ. ಸುಮ್ಮನಿದ್ದಿದ್ದರೆ ಹಾಲಿನ ಅಳತೆ ಹೆಚ್ಚು ಸಮವಾಗಿರುತ್ತಿತ್ತು.

ಹೊಣೆಗಾರಿಕೆಯ ಪ್ರಶ್ನೆ

ಶೂಹಾರ್ಟ್ ಅವರ ವಿಚಾರಗಳನ್ನು ನಿರ್ವಹಣಾ ಕ್ಷೇತ್ರಕ್ಕೆ ವಿಸ್ತರಿಸಿದವರಲ್ಲಿ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಪ್ರಮುಖರು. ಅವರು 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಈ ವಿಷಯದ ಕುರಿತು ಉಪನ್ಯಾಸ ನೀಡಿದರು. ತಮ್ಮ ತರಬೇತಿಗಳಲ್ಲಿ ಅವರು ಕೆಂಪು ಮಣಿಗಳ ಪ್ರಯೋಗವನ್ನು ಮಾಡಿಸುತ್ತಿದ್ದರು. ಶೇ. 20ರಷ್ಟು ಕೆಂಪು ಮಣಿಗಳಿರುವ ಪೆಟ್ಟಿಗೆಯಿಂದ ‘ಕಾರ್ಮಿಕರು’ 50 ಕುಳಿಗಳ ಹಲಗೆಯಲ್ಲಿ ಬಿಳಿ ಮಣಿಗಳನ್ನಷ್ಟೇ ತೆಗೆಯಬೇಕು. ಕೆಂಪು ಬಂದರೆ ದೋಷ. ಕಡಿಮೆ ಕೆಂಪು ಬಂದವರಿಗೆ ಪ್ರಶಂಸೆ, ಹೆಚ್ಚು ಬಂದವರಿಗೆ ಗದರಿಕೆ. ಲೆಕ್ಕದ ಪ್ರಕಾರ ಸರಾಸರಿ 10ರ ಸುತ್ತ, ಸುಮಾರು 1ರಿಂದ 18ರವರೆಗಿನ ಯಾವ ಫಲಿತಾಂಶವೂ ಪೆಟ್ಟಿಗೆಯಿಂದ ಬಂದದ್ದೇ ಹೊರತು ಕೈಯ ಕೌಶಲದಿಂದಲ್ಲ. ತಿಂಗಳ ಅಂಕಿಅಂಶಗಳನ್ನು ನೋಡಿ ನೌಕರರನ್ನು ಶ್ರೇಣೀಕರಿಸುವ ಪದ್ಧತಿಯ ಮೇಲೆ ಇದಕ್ಕಿಂತ ನೇರವಾದ ಟೀಕೆ ಅಪರೂಪ.

ಭಾರತದಲ್ಲಿ

ಪಿ. ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ 1947–48ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಕೈಗಾರಿಕೆಗಳಲ್ಲಿ ಈ ವಿಧಾನಗಳ ಪ್ರಚಾರಕ್ಕೆ ನೆರವಾದರು. ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಗುಣಮಟ್ಟ ನಿಯಂತ್ರಣಕ್ಕೆಂದು ಪ್ರತ್ಯೇಕ ವಿಭಾಗವನ್ನು ಹೊಂದಿದ್ದು, ಅದರ ಘಟಕಗಳಲ್ಲಿ ಒಂದು ಬೆಂಗಳೂರಿನಲ್ಲಿದೆ.