ಚಾರಣಕ್ಕೆ ಹೊರಟವರ ಬೆನ್ನಡಿಗೆ ಎಂಥ ಹಾಸು?

ಹುದಿಕೇರಿಯಿಂದ ಶ್ರೀಮಂಗಲದ ದಾರಿ ಹಿಡಿದು ಇರ್ಪು ಜಲಪಾತಕ್ಕೆ ಹೋದರೆ, ಅಲ್ಲಿಂದ ಮೇಲಕ್ಕೆ ಬ್ರಹ್ಮಗಿರಿಯ ಕಾಲುದಾರಿ. ಎತ್ತರ 1,608 ಮೀಟರ್. ಇದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹತ್ತುವಂತಿಲ್ಲ, ಕಂಡಕಂಡಲ್ಲಿ ಡೇರೆ ಹೊಡೆಯುವಂತಿಲ್ಲ. ಹಾಗಾಗಿ ವಿದ್ಯಾರ್ಥಿ ತಂಡಗಳು ಹಿಂದಿನ ರಾತ್ರಿ ಮಲಗುವುದು ಹೆಚ್ಚಾಗಿ ಕೆಳಗಿನ ಊರುಗಳಲ್ಲೇ, ಯಾವುದಾದರೂ ಶಾಲೆಯ ಅಥವಾ ಮನೆಯ ಸಿಮೆಂಟು ನೆಲದ ಮೇಲೆ. ಬೂಟು, ಟಾರ್ಚು ಎಲ್ಲವೂ ಹೊಸದಾಗಿರುತ್ತವೆ; ಮೈಕೆಳಗೆ ಹಾಸಲು ಮಾತ್ರ ಒಂದು ಹತ್ತಿಯ ಜಮಖಾನ!

ಮಿತ್ರರೇ, ಚಳಿ ಬರುವುದು ಮೇಲಿನಿಂದ ಮಾತ್ರವಲ್ಲ. ಕೊಡಗಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವುದುಂಟು. ಆಗ ನೆಲ ನಮ್ಮ ಮೈಯ ಶಾಖವನ್ನು ಬೆಳಗಿನವರೆಗೂ ಹೀರುತ್ತಲೇ ಇರುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗ್ ಇದ್ದರೂ ಇದು ತಪ್ಪದು. ಬ್ಯಾಗಿನೊಳಗಿನ ಹತ್ತಿಯೋ ತುಪ್ಪಳವೋ ಬೆಚ್ಚಗಿಡುವುದು ತನ್ನಲ್ಲಿ ಹಿಡಿದಿಟ್ಟ ನಿಶ್ಚಲ ಗಾಳಿಯಿಂದ. ನಮ್ಮ ಭಾರಕ್ಕೆ ಕೆಳಭಾಗ ಅಮುಕಿ ಹೋದಾಗ ಆ ಗಾಳಿಯೂ ಹೋಯಿತು. ಆದ್ದರಿಂದ ಹಾಸಿನ ಮೊದಲ ಕೆಲಸ ಮೆತ್ತಗಿರುವುದಲ್ಲ, ಶಾಖವನ್ನು ತಡೆಯುವುದು. ರಾತ್ರಿಯಿಡೀ ನಡುಗಿ ನಿದ್ದೆಗೆಟ್ಟವರ ಹೆಜ್ಜೆ ಮರುದಿನ ಬಂಡೆಯ ಮೇಲೆ ತಪ್ಪುವುದು ಸುಲಭ.

ಹಳಬರು ಬೈಹುಲ್ಲಿನ ಮೇಲೆ ಚಾಪೆ, ಅದರ ಮೇಲೆ ಕಂಬಳಿ ಹಾಸುತ್ತಿದ್ದುದರಲ್ಲಿ ಇದೇ ವಿಜ್ಞಾನವಿದೆ. ಆದರೆ ಹುಲ್ಲನ್ನು ಬೆನ್ನಿಗೆ ಹೊತ್ತು ಬೆಟ್ಟ ಹತ್ತಲಾಗದು. ಜಮಖಾನ ಒದ್ದೆಯಾದರಂತೂ ಮುಗಿಯಿತು: ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ.

ಇದಕ್ಕೆ ಉತ್ತರವೇ ಫೋಮಿನ ಮ್ಯಾಟ್. ಪರ್ವತಾರೋಹಣ ಶಿಬಿರಗಳಲ್ಲಿ ಇದಕ್ಕೆ 'ಕ್ಯಾರಿಮ್ಯಾಟ್' ಎನ್ನುತ್ತಾರೆ. ಹೊತ್ತೊಯ್ಯುವ ಮ್ಯಾಟ್ ಎಂದು ನಾವು ಅರ್ಥ ಮಾಡಿಕೊಂಡರೂ ಅದು ಮೂಲದಲ್ಲಿ ಬ್ರಿಟನ್ನಿನ ಕ್ಯಾರಿಮೋರ್ ಕಂಪನಿಯ ಸರಕಿನ ಹೆಸರು. ಇದರ ಸಣ್ಣಸಣ್ಣ ಗುಳ್ಳೆಗಳು ಒಂದಕ್ಕೊಂದು ತೆರೆದಿಲ್ಲ; ಗಾಳಿ ಒಳಗೇ ಉಳಿಯುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಒಂದು ಸೆಂಟಿಮೀಟರ್ ದಪ್ಪದ, ಆಳುದ್ದದ ಮ್ಯಾಟ್ 300ರಿಂದ 400 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಅದರ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಬಿಡಿ. ಬೇಗ ಮೇಲೇಳದೆ ಗುಂಡಿ ಹಾಗೆಯೇ ಉಳಿದರೆ ಬೇಡ. ಸ್ಪಂಜಿನಂತೆ ನೀರು ಕುಡಿಯುವುದೂ ಬೇಡ. ಪ್ಯಾಕಿಂಗಿಗೆ ಬಳಸುವ ಬಿಳಿ ಫೋಮ್ ಹಾಳೆ ಅಗ್ಗ. ಒಂದೆರಡು ಪ್ರವಾಸಕ್ಕೆ ಸಾಕು, ಬೇಗ ಚಪ್ಪಟೆಯಾಗುತ್ತದೆ ಅಷ್ಟೆ. ಯೋಗದ ಮ್ಯಾಟ್ ಭಾರ ಹೆಚ್ಚು, ಬೆಚ್ಚನೆ ಕಡಿಮೆ.

ಗಾಳಿ ತುಂಬುವ ಮ್ಯಾಟ್ ಮಡಿಸಿದರೆ ನೀರಿನ ಬಾಟಲಿಯಷ್ಟೇ ಆಗುತ್ತದೆ, ಮಲಗಲು ಸುಖ. ಆದರೆ ಒಂದು ಮುಳ್ಳು ಸಾಕು, ನಡುರಾತ್ರಿ ನೆಲವೇ ಗತಿ. ಒಳಗೆ ಬರೀ ಗಾಳಿಯಿದ್ದರೆ ಅದು ಸುಳಿದಾಡಿ ಶಾಖವನ್ನು ಕೆಳಗೆ ಒಯ್ಯುತ್ತದೆ. ಒಳಪದರವಿರುವ ಒಳ್ಳೆಯ ಮ್ಯಾಟಿನ ಬೆಲೆ ವಿದ್ಯಾರ್ಥಿಯ ಜೇಬಿಗೆ ಭಾರ. ನಮ್ಮ ಕುರುಚಲು ಕಾಡಿಗೆ ಫೋಮೇ ಮೇಲು ಎಂಬುದು ನನ್ನ ಅಭಿಪ್ರಾಯ.

ಒಳ್ಳೆಯ ಮ್ಯಾಟುಗಳ ಮೇಲೆ 'ಆರ್ ಮೌಲ್ಯ' ಎಂಬ ಸಂಖ್ಯೆ ಇರುತ್ತದೆ. ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಮೊದಲು ಒಂದೊಂದು ಕಂಪನಿ ತನಗೆ ತೋಚಿದಂತೆ ಅಳೆಯುತ್ತಿತ್ತು. 2018ರಲ್ಲಿ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ ಎಲ್ಲರಿಗೂ ಒಂದೇ ವಿಧಾನ ಗೊತ್ತುಮಾಡಿತು. ಬ್ರಹ್ಮಗಿರಿಗೋ ತಡಿಯಂಡಮೋಳಿಗೋ ಒಂದೂವರೆ ಎರಡು ಸಾಕು. ಹಿಮಾಲಯದ ಹಿಮದ ಮೇಲೆ ಮಲಗುವುದಾದರೆ ಐದರ ಸುಮಾರು ಬೇಕು. ಅದಕ್ಕಾಗಿ ಹಳೆಯ ಮ್ಯಾಟನ್ನು ಎಸೆಯಬೇಕಿಲ್ಲ. ಒಂದರ ಮೇಲೊಂದು ಹಾಸಿದರೆ ಈ ಸಂಖ್ಯೆಗಳು ಕೂಡಿಕೊಳ್ಳುತ್ತವೆ: ಎರಡರ ಫೋಮಿನ ಮೇಲೆ ಮೂರರ ಗಾಳಿಮ್ಯಾಟ್ ಹಾಸಿದರೆ ಐದು.

ರಾಮನಗರದ ಬಂಡೆಗಳಿಗೆ ಹೋಗುವವರು ಮ್ಯಾಟನ್ನು ಮುಕ್ಕಾಲು ಉದ್ದಕ್ಕೆ ಕತ್ತರಿಸಿ, ಕಾಲಿನ ಕೆಳಗೆ ಖಾಲಿ ಬೆನ್ನುಚೀಲವನ್ನು ಇಟ್ಟುಕೊಳ್ಳಬಹುದು. ಉಳಿದ ತುಂಡು ಕೂರಲು ಆಯಿತು. ಬಂಡೆಯಿಂದ ಬಿದ್ದಾಗ ತಡೆಯುವ ದಪ್ಪ ಹಾಸು ಬೇರೆಯೇ ವಸ್ತು. ಮಲಗುವ ಮ್ಯಾಟನ್ನು ನಂಬಿ ಯಾರೂ ಜಿಗಿಯಬಾರದು.

ಊರಿಗೆ ಮರಳಿದ ಮೇಲೆ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿಡಿ. ಕೊಡಗಿನ ಮಳೆಗಾಲದಲ್ಲಿ ಒದ್ದೆಯಾಗಿ ಕಟ್ಟಿಟ್ಟದ್ದು ಬೂಷ್ಟು ಹಿಡಿಯಲು ವಾರವೂ ಬೇಡ.